ಮಾರಾಟಕ್ಕಿರುವ ಮನೆಯ ಫೋಟೋಗಳನ್ನು ಎಷ್ಟು ನಂಬಬಹುದು?

ಫೋಟೋದಲ್ಲಿ ಕಂಡ ಹಾಗೇ ಮನೆ ಇರುತ್ತದಾ ಎಂದು ಕೇಳಿದ್ದೀರಿ. ಗೋಡೆ, ನೆಲ, ಕಿಟಕಿ ಎಲ್ಲ ಸಾಮಾನ್ಯವಾಗಿ ಅವೇ ಇರುತ್ತವೆ. ಅಳತೆಯನ್ನು ಮಾತ್ರ ನಂಬಬೇಡಿ.

ಕಾರಣ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವಂಥದ್ದು) 50 ಮಿ.ಮೀ. ಲೆನ್ಸ್ ಹಾಕಿದರೆ ದೂರ, ಹತ್ತಿರ ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಕಂಡಂತೆಯೇ ಬರುತ್ತದೆ. ಮನೆಯೊಳಗೆ ಸಾಮಾನ್ಯವಾಗಿ ಬಳಸುವುದು 16ರಿಂದ 24 ಮಿ.ಮೀ.ನ ವೈಡ್ ಆಂಗಲ್, ಅಂದರೆ ಒಂದೇ ಫೋಟೋದಲ್ಲಿ ಹೆಚ್ಚು ಅಗಲದ ನೋಟ ಹಿಡಿಯುವ ಲೆನ್ಸ್. ಇದು ಮೋಸವೇ ಎಂದು ಹೇಳಲಾರೆ. ಸಣ್ಣ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ, ಅಲ್ವಾ? ಆದರೆ ಮೂಲೆಯಲ್ಲಿ ನಿಂತು ಹೀಗೆ ತೆಗೆದಾಗ ಎದುರಿನ ಗೋಡೆ ದೂರ ಸರಿದಂತೆ ಕಾಣುತ್ತದೆ, ಪುಟ್ಟ ಕೋಣೆ ಹಾಲ್ ಆಗಿಬಿಡುತ್ತದೆ. ಫೋಟೋದ ಅಂಚುಗಳನ್ನು ನೋಡಿ. ದುಂಡಗಿನ ಗಡಿಯಾರ ಮೊಟ್ಟೆಯ ಹಾಗಿದ್ದರೆ, ಮಂಚ ವಿಪರೀತ ಉದ್ದವಿದ್ದರೆ ಅದು ಲೆನ್ಸಿನ ಕೈವಾಡ.

ಬೆಳಕೂ ಅಷ್ಟೇ. ಬೇರೆ ಬೇರೆ ಎಕ್ಸ್‌ಪೋಶರ್‌ನ, ಅಂದರೆ ಕೆಲವು ಹೆಚ್ಚು ಬೆಳಕಿನ, ಕೆಲವು ಕಡಿಮೆ ಬೆಳಕಿನ, ಹಲವು ಫೋಟೋಗಳನ್ನು ಸೇರಿಸಿ ಒಂದು ಮಾಡುತ್ತಾರೆ. ಹಾಗಾಗಿ ಕತ್ತಲೆ ಕೋಣೆಯೂ ಫಳಫಳ. ಖಾಲಿ ಕೋಣೆಗೆ ಕಂಪ್ಯೂಟರ್‌ನಲ್ಲೇ ಸೋಫಾ ಹಾಕುವುದೂ ಉಂಟು. ಸೋಫಾದ ಕಾಲಿನ ಕೆಳಗೆ ನೆರಳು ಸರಿಯಾಗಿ ಬಿದ್ದಿದೆಯೇ, ಗಮನಿಸಿ.

ನನ್ನ ಪ್ರಕಾರ ಜಾಸ್ತಿ ಯೋಚಿಸಬೇಕಾದದ್ದು ಇಲ್ಲದಿರುವ ಫೋಟೋಗಳ ಬಗ್ಗೆ. ಹಾಲ್‌ದು ಆರು ಫೋಟೋ, ಬಚ್ಚಲುಮನೆಯದು ಒಂದೂ ಇಲ್ಲ ಅಂದರೆ ಸುಮ್ನೆ ಬಿಡಬೇಡಿ, ಕೇಳಿ. ಗೋಡೆಯ ತೇವದ ವಾಸನೆ, ಪಕ್ಕದ ರಸ್ತೆಯ ಗದ್ದಲ ಯಾವ ಫೋಟೋದಲ್ಲೂ ಬರುವುದಿಲ್ಲ. ಅಳತೆ ಬರೆದ ಪ್ಲಾನ್ ತರಿಸಿಕೊಳ್ಳಿ. ಬಾಗಿಲಿನಿಂದ ಶುರು ಮಾಡಿ ನಿಲ್ಲಿಸದೆ ತೆಗೆದ ಒಂದು ವಿಡಿಯೋ ಕೇಳಿ. ನೋಡಲು ಹೋಗುವಾಗ ಜೇಬಿನಲ್ಲಿ ಅಳತೆ ಟೇಪ್ ಇರಲಿ.