ಬೀದಿಗೊಂದು ಫಲಕ ಬೇಡ

ಪತ್ರ: ನಮ್ಮ ಬಡಾವಣೆಯಲ್ಲಿ ವೇಗಮಿತಿ ಫಲಕಗಳನ್ನು ಹಾಕಲು ಹೊರಟಿದ್ದಾರೆ. ಬಿಳಿ ವೃತ್ತ, ಕೆಂಪು ಅಂಚು, ನಡುವೆ 30. ಹೆದ್ದಾರಿಯ ಈ ಒರಟು ಫಲಕ ಮನೆಗಳ ನಡುವೆ ಏಕೆ? ಪ್ರತಿ ಬೀದಿಯೂ ತನಗೊಪ್ಪುವ ಬಣ್ಣದಲ್ಲಿ, ಮಕ್ಕಳು ಬರೆದ ಚಿತ್ರಗಳ ಜೊತೆ ತನ್ನದೇ ಫಲಕ ಮಾಡಿಕೊಳ್ಳಬಾರದೇ? — ಓದುಗರೊಬ್ಬರು

ಉತ್ತರ: ಬೀದಿ ಅಂದವಾಗಿರಬೇಕೆಂಬ ನಿಮ್ಮ ಆಸೆ ಒಳ್ಳೆಯದೇ. ಆದರೆ ಪತ್ರವನ್ನು ನೀವು ಬರೆದಿರುವುದು ಆ ಬೀದಿಯಲ್ಲಿ ವಾಸಿಸುವವರಾಗಿ. ಫಲಕ ಬೇಕಾಗಿರುವುದು ನಿಮಗಲ್ಲ, ಅಲ್ಲಿಗೆ ಮೊದಲ ಬಾರಿ ಬರುವ ಚಾಲಕನಿಗೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಹೂಬಳ್ಳಿ, ಗಾಳಿಪಟ, ಬಳುಕುವ ಅಕ್ಷರಗಳ ನಡುವೆ 30 ಎಲ್ಲಿದೆಯೆಂದು ಹುಡುಕಲು ಆ ಚಾಲಕನಿಗೆ ಎರಡು ಸೆಕೆಂಡ್ ಹಿಡಿದರೆ 28 ಮೀಟರ್ ಹಿಂದೆ ಬಿದ್ದಿರುತ್ತದೆ, ಅಷ್ಟು ಹೊತ್ತೂ ಅವನ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಕೆಂಪು ಅಂಚಿನ ವೃತ್ತವನ್ನಾದರೆ ಓದಬೇಕಾಗಿಯೇ ಇಲ್ಲ, ಕಂಡರೆ ಸಾಕು. ರಸ್ತೆ ಫಲಕಗಳ ಕುರಿತ 1968ರ ವಿಯೆನ್ನಾ ಒಪ್ಪಂದ ಅದನ್ನು ಹಲವು ದೇಶಗಳಿಗೆ ಸಾಮಾನ್ಯವಾಗಿಸಿತು. ಅಮೆರಿಕ ಬೇರೆ ದಾರಿ ಹಿಡಿದು ಬಿಳಿ ಆಯತದಲ್ಲಿ ಕಪ್ಪು ಅಂಕಿ ಬರೆಯುತ್ತದೆ, ನಿಜ. ಆದರೆ ಅಲ್ಲೂ ಹೆದ್ದಾರಿಗೂ ಮನೆಯ ಮುಂದಿನ ರಸ್ತೆಗೂ ಅದೇ ರೂಪ.

ಪ್ರಮಾಣಿತ ಫಲಕವೆಂದರೆ ರುಚಿಯಿಲ್ಲದವರ ಕೆಲಸವೆಂದು ನೀವು ಎಣಿಸಿದಂತಿದೆ. ಬ್ರಿಟನ್ನಿನ ರಸ್ತೆ ಫಲಕಗಳನ್ನು ರೂಪಿಸಿದ ಜಾಕ್ ಕಿನ್ನೈರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಅವರನ್ನು ನೆನೆಯಿರಿ. ಎಷ್ಟು ದೂರದಿಂದ ಓದಲಾಗುತ್ತದೆಂದು ತಿಳಿಯಲು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಫಲಕಗಳನ್ನು ಮರಗಳಿಗೆ ಒರಗಿಸಿಟ್ಟು ನೋಡಿದವರು ಅವರು. ಶಾಲಾ ಮಕ್ಕಳ ಎಚ್ಚರಿಕೆ ಫಲಕದಲ್ಲಿ ಪುಟ್ಟ ಹುಡುಗನ ಕೈಹಿಡಿದು ನಡೆಸುವ ಹುಡುಗಿಯಿದ್ದಾಳಲ್ಲ, ಅವಳನ್ನು ಕ್ಯಾಲ್ವರ್ಟ್ ಬಿಡಿಸಿದ್ದು ತಮ್ಮದೇ ಬಾಲ್ಯದ ರೂಪವನ್ನು ನೆನೆದು. ಆ ಕಪ್ಪು ನೆರಳಿನಲ್ಲಿರುವ ಅಕ್ಕರೆ ಯಾವ ಬಣ್ಣದ ಚಿತ್ರಕ್ಕೆ ಕಡಿಮೆ? ಅದೇ ಬ್ರಿಟನ್ನಿನಲ್ಲಿ ಗಂಟೆಗೆ 20 ಮೈಲಿ ವೇಗಮಿತಿಯ ವಲಯದ ಪ್ರವೇಶ ಫಲಕದಲ್ಲಿ ಮಕ್ಕಳ ಚಿತ್ರಕ್ಕೂ ಜಾಗ ಕೊಟ್ಟಿದ್ದಾರೆ. ಆದರೆ ವೃತ್ತವನ್ನಾಗಲಿ ಅಂಕಿಯನ್ನಾಗಲಿ ಮುಟ್ಟುವಂತಿಲ್ಲ.

ಫಲಕಗಳ ಸಂತೆಯಾಗುತ್ತದೆಂಬ ಭಯವಿದ್ದರೆ ಜರ್ಮನಿಯ ಕ್ರಮ ನೋಡಿ. 1983ರಲ್ಲಿ ಬುಕ್ಸ್‌ಟೆಹುಡೆ ಪಟ್ಟಣದಲ್ಲಿ ಮೊದಲ 30ರ ವಲಯ ಮಾಡಿದರು. ಈಗ ಅಂಥ ವಲಯದ ಬಾಯಲ್ಲಿ ಒಂದು ಫಲಕ, ಹೊರಹೋಗುವಲ್ಲಿ ಇನ್ನೊಂದು. ಒಳಗಿನ ಬೀದಿಗಳಲ್ಲಿ ಅದನ್ನೇ ಮತ್ತೆ ಮತ್ತೆ ನಿಲ್ಲಿಸುವುದಿಲ್ಲ.

ನಿಜವಾಗಿ ನನ್ನನ್ನು ಕೆರಳಿಸುವುದು ನಿವಾಸಿಗಳೇ ಬರೆಸಿ ನಿಲ್ಲಿಸುವ "ಮಕ್ಕಳು ಆಡುತ್ತಿದ್ದಾರೆ, ನಿಧಾನ" ಎಂಬ ಬೋರ್ಡು. ನಿಧಾನವೆಂದರೆ ಎಷ್ಟು? ಅಂಕಿಯೇ ಇಲ್ಲ. ಇಂಥ ಫಲಕದಿಂದ ವೇಗ ತಗ್ಗಿದ್ದಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ಹಲವು ಊರುಗಳ ಸಂಚಾರ ಎಂಜಿನಿಯರುಗಳು ಅದನ್ನು ಹಾಕಲು ಒಪ್ಪುವುದಿಲ್ಲ. ತಾಯಿತಂದೆಯರಿಗೆ ಮಾತ್ರ ಸುಳ್ಳು ನೆಮ್ಮದಿ ಸಿಗುತ್ತದೆ. ಬರೆಸಿದವರು ತಮ್ಮ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ.

ಕೈತೊಳೆದುಕೊಳ್ಳುವ ಈ ಚಾಳಿ ರಸ್ತೆಗಷ್ಟೇ ಸೀಮಿತವಲ್ಲ. ಮಾತ್ರೆಯ ಪಟ್ಟಿಯ ಅಂಚಿನಲ್ಲಿ ಅವಧಿ ಮುಗಿಯುವ ದಿನಾಂಕವನ್ನು ಮಸಿಯೂ ಇಲ್ಲದೆ ಒತ್ತಿರುತ್ತಾರೆ. ಬೆಳಕಿಗೆ ಹಿಡಿದು ಓರೆ ಮಾಡಿದರೂ ವಯಸ್ಸಾದವರಿಗೆ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಬಾಣದ ಗುರುತು ದಾನಿಗಳ ಹೆಸರಿನ ಕೆಳಗೆ ಮುದುಡಿರುತ್ತದೆ. ಅವಸರದಲ್ಲಿರುವವರನ್ನು, ಹೆದರಿದವರನ್ನು, ಮಂಜುಗಣ್ಣಿನವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಬರೆಸಿದವರ ಅಂತಸ್ತು ಕಾಣಬೇಕು, ಓದುವವರ ಪಾಡು ಓದುವವರಿಗೆ!

ಅಗಲವಾದ ನೇರ ರಸ್ತೆ ಮಾಡಿಟ್ಟು 30 ಎಂದು ಬರೆದರೆ ಯಾರೂ ಕೇಳುವುದಿಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ, ತಿರುವು, ಉಬ್ಬು, ಕಿರಿದಾದ ದಾರಿಯೂ ಬೇಕು. ಅದು ಇನ್ನೊಂದು ಪತ್ರದ ವಿಷಯ.

ಮಕ್ಕಳ ಚಿತ್ರಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಧಾರಾಳವಾಗಿ ಬರೆಸಿ. ಫಲಕ ಬಂದ ಮೇಲೆ ಒಂದು ರಾತ್ರಿ ಹೋಗಿ ನೋಡಿ: ಹೆಡ್‌ಲೈಟ್ ಬಿದ್ದಾಗ ಅದು ಹೊಳೆಯುತ್ತದೆಯೇ, ಕೊಂಬೆ ಅಡ್ಡ ಬಂದಿದೆಯೇ, ನಿಲ್ಲಿಸಿದ ವ್ಯಾನಿನ ಹಿಂದೆ ಮರೆಯಾಗುತ್ತದೆಯೇ? ಏನಾದರೂ ಕೊರತೆ ಕಂಡರೆ ಸಂಬಂಧಪಟ್ಟವರಿಗೆ ಬರೆಯಿರಿ. ಪತ್ರದ ಪ್ರತಿಯನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ. — ಸಂ.