ಟೊರಾಂಟೊದಲ್ಲಿ ಡೌನ್‌ಟೌನ್ ಬಿಟ್ಟರೆ ಎಲ್ಲಿ ಮನೆ ಮಾಡೋದು?

ಆಫೀಸು ಡೌನ್‌ಟೌನ್‌ನ ಮುಖ್ಯ ರೈಲು ನಿಲ್ದಾಣ ಯೂನಿಯನ್ ಸ್ಟೇಷನ್ ಹತ್ತಿರ, ಅಲ್ಲಿನ ಬಾಡಿಗೆ ಕೊಡೋಕಾಗಲ್ಲ, ಸದ್ಯಕ್ಕೆ ಕಾರು ಬೇಡ, ಡೌನ್‌ಟೌನ್ ಥರಾನೇ ಇರುವ ಬೇರೆ ಏರಿಯಾ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾರ್ತ್ ಯಾರ್ಕ್ ಸೆಂಟರ್, ಅಂದರೆ ಯಂಗ್ ಸ್ಟ್ರೀಟ್‌ನಲ್ಲಿ ಶೆಪರ್ಡ್ ಸಬ್‌ವೇ ಸ್ಟೇಷನ್‌ನಿಂದ ಫಿಂಚ್ ಸ್ಟೇಷನ್‌ವರೆಗಿನ ಭಾಗ. ಮೊದಲು ಅಲ್ಲೇ ಹುಡುಕಿ.

1998ರಲ್ಲಿ ಟೊರಾಂಟೊಗೆ ಸೇರುವವರೆಗೂ ನಾರ್ತ್ ಯಾರ್ಕ್ ಬೇರೆ ನಗರ. ಅದರ ಮೇಯರ್ ಆಗಿದ್ದ ಮೆಲ್ ಲಾಸ್ಟ್‌ಮನ್ ನಮ್ಮಲ್ಲೂ ಒಂದು ಡೌನ್‌ಟೌನ್ ಆಗಲೇಬೇಕು ಅಂತ ಹಟ ಹಿಡಿದಿದ್ದರು. ಆಗಲೇ ಓಡುತ್ತಿದ್ದ ಸಬ್‌ವೇ ಲೈನಿಗೆ 1987ರಲ್ಲಿ ಶೆಪರ್ಡ್ ಮತ್ತು ಫಿಂಚ್ ನಡುವೆ ಹೊಸ ಸ್ಟೇಷನ್ನೇ ಸೇರಿಸಿದರು. ಅದರ ಲಾಭ ಈಗ ನಿಮಗೆ. ಸ್ಟೇಷನ್‌ನಿಂದ ಹೊರಗೆ ಕಾಲಿಡದೆ ದೊಡ್ಡ ಲೈಬ್ರರಿಗೆ ಹೋಗಬಹುದು, ಜನವರಿ ಬಂದಾಗ ಇದು ಎಷ್ಟು ದೊಡ್ಡ ಸೌಕರ್ಯ ಅಂತ ಗೊತ್ತಾಗುತ್ತದೆ. ನಾಟಕಮಂದಿರ ಇದೆ, ಚಳಿಗಾಲದಲ್ಲಿ ಸ್ಕೇಟಿಂಗ್ ಮಾಡುವ ಚೌಕ ಇದೆ, ಕೊರಿಯನ್ನರ ಮತ್ತು ಇರಾನಿಯರ ಅಂಗಡಿ, ಹೋಟೆಲ್‌ಗಳು ಸಾಲಾಗಿ ಇವೆ, ರಾತ್ರಿಯಾದರೂ ರಸ್ತೆಯಲ್ಲಿ ಜನ ಓಡಾಡುತ್ತಿರುತ್ತಾರೆ. ನನ್ನ ಪ್ರಕಾರ ಡೌನ್‌ಟೌನ್ ಅಂದರೆ ಅದೇ, ಎತ್ತರದ ಕಟ್ಟಡ ಅಲ್ಲ. ಯೂನಿಯನ್‌ಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಫಿಂಚ್ ಕಡೆಗೆ ಮನೆ ಸಿಕ್ಕರೆ ಇನ್ನೂ ಒಳ್ಳೆಯದು, ಲೈನ್ ಅಲ್ಲಿಂದಲೇ ಶುರು, ಬೆಳಿಗ್ಗೆ ಕೂರೋಕೆ ಸೀಟು ಸಿಗುತ್ತದೆ. ಒಂದು ಕೊರತೆ ಹೇಳಿಬಿಡುತ್ತೇನೆ: ಯಂಗ್ ಬಿಟ್ಟು ಪಕ್ಕದ ಬೀದಿಗಳಿಗೆ ತಿರುಗಿ ಸ್ವಲ್ಪ ನಡೆದರೆ ಬರೀ ಮನೆಗಳು, ಒಂದು ಹಾಲಿನ ಅಂಗಡಿಯೂ ಕಾಣಲ್ಲ.

ಅದೇ ಯಂಗ್ ಸ್ಟ್ರೀಟ್‌ನಲ್ಲಿ ಇನ್ನಷ್ಟು ದಕ್ಷಿಣಕ್ಕಿರುವ ಯಂಗ್-ಎಗ್ಲಿಂಟನ್ ಕೂಡ ಚೆನ್ನಾಗಿದೆ, ಡೌನ್‌ಟೌನ್‌ಗೆ ಇನ್ನೂ ಹತ್ತಿರ. ಆದರೆ ಬಾಡಿಗೆಯಲ್ಲಿ ಅಂಥಾ ಉಳಿತಾಯ ಏನೂ ಆಗಲ್ಲ.

ಟೊರಾಂಟೊದ ಪೂರ್ವ ಭಾಗದ ಸ್ಕಾರ್‌ಬರೋ ಸೆಂಟರ್ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ. ಅದನ್ನೂ ಎರಡನೇ ಡೌನ್‌ಟೌನ್ ಮಾಡಬೇಕು ಅಂತಲೇ ಕಟ್ಟಿದ್ದು, ಮಾಲ್ ಮತ್ತು ಸಿವಿಕ್ ಸೆಂಟರ್ ಎರಡೂ 1973ರವು, 1985ರಲ್ಲಿ ರೈಲೂ ಬಂತು. 2023ರ ಜುಲೈನಲ್ಲಿ ಬೋಗಿ ಹಳಿ ತಪ್ಪಿದ ಮೇಲೆ ಆ ಲೈನನ್ನು ಮುಚ್ಚಿಯೇಬಿಟ್ಟರು. ಅದರ ಬದಲು ಸಬ್‌ವೇ ಲೈನ್ 2 ಅನ್ನು ಅಲ್ಲಿವರೆಗೆ ಎಳೆಯುವ ಕೆಲಸ ನಡೆದಿದೆ, ಅಲ್ಲಿಯತನಕ ಲೈನ್ 2ರ ಈಗಿನ ಕೊನೇ ಸ್ಟೇಷನ್ ಕೆನಡಿಗೆ ಬಸ್ಸೇ ಗತಿ. ಕಾರಿಲ್ಲದೆ ದಿನಾ ಡೌನ್‌ಟೌನ್‌ಗೆ ಹೋಗಿ ಬರುವವರಿಗೆ ಈಗ ಅದು ಸುಸ್ತಿನ ಕೆಲಸ.

ಟೊರಾಂಟೊದ ಪಶ್ಚಿಮಕ್ಕಿರುವ ಮಿಸಿಸಾಗಾ ನಗರದ ಸ್ಕ್ವೇರ್ ಒನ್ ಮಾಲ್ ಸುತ್ತಲಿನ ಏರಿಯಾ ಫೋಟೋದಲ್ಲಿ ಪಕ್ಕಾ ಡೌನ್‌ಟೌನ್. ಆದರೆ ಸಬ್‌ವೇ ಇಲ್ಲ, ಸುತ್ತಲಿನ ಊರುಗಳಿಂದ ಟೊರಾಂಟೊಗೆ ಓಡುವ ಗೋ ಟ್ರೈನ್ ಹಿಡಿಯಲೂ ಬಸ್ಸಲ್ಲಿ ಕುಕ್ಸ್‌ವಿಲ್ ಅಥವಾ ಪೋರ್ಟ್ ಕ್ರೆಡಿಟ್ ಸ್ಟೇಷನ್‌ಗೆ ಹೋಗಬೇಕು. ಆಫೀಸು ಆ ಕಡೆಯೇ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಟೊರಾಂಟೊದ ಉತ್ತರಕ್ಕಿರುವ ವಾನ್ ನಗರಕ್ಕೆ 2017ರಲ್ಲೇ ಸಬ್‌ವೇ ಬಂದಿದೆ, ಆದರೆ ಅಲ್ಲಿ ರಸ್ತೆ ದಾಟುವುದೇ ಒಂದು ಕೆಲಸ, ಅಷ್ಟು ಅಗಲ.

ಏರಿಯಾ ಯಾವುದಾದರೂ ಇರಲಿ, ಸಹಿ ಹಾಕುವ ಮೊದಲು ಆ ಕಟ್ಟಡದಲ್ಲಿ ಜನ ಯಾವಾಗಿನಿಂದ ವಾಸ ಇದ್ದಾರೆ ಅಂತ ಕೇಳಿ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಬಾಡಿಗೆ ಏರಿಕೆಗೆ ಸರ್ಕಾರ ವರ್ಷ ವರ್ಷ ಮಿತಿ ಹಾಕುತ್ತದೆ, ಆದರೆ 2018ರ ನವೆಂಬರ್ 15ರ ನಂತರ ಮೊದಲ ಬಾರಿಗೆ ಜನ ಬಂದು ಇದ್ದ ಮನೆಗಳಿಗೆ ಆ ಮಿತಿ ಇಲ್ಲ. ಈ ಏರಿಯಾಗಳಲ್ಲಿ ಹೊಸ ಟವರ್‌ಗಳೇ ಜಾಸ್ತಿ, ಅಲ್ವಾ, ಮೊದಲ ವರ್ಷ ಕಡಿಮೆಗೆ ಕೊಟ್ಟು ಮುಂದಿನ ವರ್ಷ ಎಷ್ಟು ಬೇಕಾದರೂ ಏರಿಸಬಹುದು. ಯಂಗ್ ಸ್ಟ್ರೀಟ್‌ನಲ್ಲಿ ಸ್ವಲ್ಪ ಹಳೇ ಕಾಂಡೋ, ಅಂದರೆ ಮಾಲೀಕರು ಬಾಡಿಗೆಗೆ ಕೊಡುವ ಅಪಾರ್ಟ್‌ಮೆಂಟ್, ಸಿಕ್ಕರೆ ಬಿಡಬೇಡಿ. ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆ ಮುಂಚೆ ಕೇಳುತ್ತಾರೆ, ಅದು ಸರಿ. ಹಾನಿಗೆ ಅಂತ ಬೇರೆ ಡಿಪಾಸಿಟ್ ಕೇಳಿದರೆ ಕೊಡಬೇಡಿ, ಇಲ್ಲಿನ ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ.