ಸಂಪಾದಕರ ಉತ್ತರ: ಹೌದು, ನಾನು ಹಿಂದೂ

ರಾಣೆಬೆನ್ನೂರಿನ ಹಿರಿಯ ಓದುಗರಿಗೆ ನಮಸ್ಕಾರಗಳು.

ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದದ್ದಕ್ಕೆ ತಾವು ಸಿಟ್ಟಾಗಿದ್ದೀರಿ. "ಸಹಿಷ್ಣುತೆಯ ಪಾಠ ಹಿಂದೂಗಳಿಗೆ ಮಾತ್ರವೇ? ಹಳೇ ಹುಬ್ಬಳ್ಳಿಯಲ್ಲಿ ಕಲ್ಲು ಬಿದ್ದಾಗ ಎಲ್ಲಿದ್ದಿರಿ? ಇಷ್ಟಕ್ಕೂ ತಾವು ಹಿಂದೂ ಹೌದೋ ಅಲ್ಲವೋ?" ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆ ಸುಲಭದ್ದು. ಹೌದು. ಮನೆದೇವರಿಗೆ ನಡೆದುಕೊಳ್ಳುತ್ತೇನೆ, ಶ್ರಾವಣ ಸೋಮವಾರ ಒಪ್ಪತ್ತು ಮಾಡುತ್ತೇನೆ. ನಾನು ಎಂಥ ಹಿಂದೂ ಎಂದು ಪ್ರಮಾಣಪತ್ರ ಕೊಡುವ ಕಚೇರಿ ಈ ಧರ್ಮದಲ್ಲಿ ಎಂದೂ ಇರಲಿಲ್ಲ. ನನಗೆ ಇದರ ಮೇಲಿರುವ ಅಭಿಮಾನಕ್ಕೆ ಅದೂ ಒಂದು ಕಾರಣ. ಈಗ ಅಂಥ ಕಚೇರಿ ತೆರೆಯುವ ಹುರುಪು ಕೆಲವರಿಗೆ ಬಂದಿದೆ.

ತಮ್ಮ ಜಿಲ್ಲೆಯ ಶಿಶುವಿನಹಾಳದ ಷರೀಫರಿಗೆ ವೇದಿಕೆಗಳಲ್ಲಿ ಹಾರ ಬೀಳುತ್ತಲೇ ಇರುತ್ತದೆ. ನನಗೆ ಹೆಚ್ಚು ನೆನಪಾಗುವವರು ಅವರ ಗುರು, ಕಳಸದ ಗೋವಿಂದ ಭಟ್ಟರು. ಹತ್ತೊಂಬತ್ತನೆಯ ಶತಮಾನದ ಒಬ್ಬ ಬ್ರಾಹ್ಮಣ ಮುಸ್ಲಿಂ ಹುಡುಗನನ್ನು ಶಿಷ್ಯನೆಂದು ಒಪ್ಪಿಕೊಂಡು ಊರವರ ಬಾಯಿಗೆ ಬೀಳುವುದು ಸಣ್ಣ ಮಾತಲ್ಲ. ಜನಿವಾರವನ್ನೂ ಹಾಕಿದರೆಂದು ಜನ ಹೇಳುತ್ತಾರೆ. ಷರೀಫರು ಷರೀಫರಾಗಿಯೇ ಉಳಿದರು. ಅದರಿಂದ ಭಟ್ಟರ ಧರ್ಮಕ್ಕೆ ಏನೂ ಕುಂದಾಗಲಿಲ್ಲ. ಮಾದರಿ ಹಿಂದೂವನ್ನು ತೋರಿಸು ಎಂದರೆ ನಾನು ಅವರನ್ನೇ ತೋರಿಸುತ್ತೇನೆ. ಇನ್ನು ನಮ್ಮ ಹಳ್ಳಿಗಳ ಮೊಹರಂ ತಾವೇ ನೋಡಿರುತ್ತೀರಿ: ಅಲೈದೇವರ ಮುಂದೆ ಹೆಜ್ಜೆ ಹಾಕುವವರು, ಹರಕೆ ಹೊತ್ತು ಮಕ್ಕಳನ್ನು ಫಕೀರರನ್ನಾಗಿ ಮಾಡುವವರು ಎಷ್ಟೋ ಕಡೆ ಹಿಂದೂಗಳೇ. ಅವರಿಗೆ ಇದನ್ನು ಯಾವ ಪತ್ರಿಕೆಯವರೂ ಹೇಳಿಕೊಡಲಿಲ್ಲ.

ಹಳೇ ಹುಬ್ಬಳ್ಳಿಯ ವಿಷಯದಲ್ಲಿ ತಮ್ಮ ಸಿಟ್ಟು ನ್ಯಾಯವಾದದ್ದು. 2022ರ ಏಪ್ರಿಲ್ 16ರ ರಾತ್ರಿ, ಮೊಬೈಲಿನಲ್ಲಿ ಹರಿದಾಡಿದ ಒಂದು ಚಿತ್ರದ ನೆಪದಲ್ಲಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಿದ್ದು ಶುದ್ಧ ಪುಂಡಾಟ. 2024ರ ಅಕ್ಟೋಬರಿನಲ್ಲಿ ಸರ್ಕಾರ ಆ ಮೊಕದ್ದಮೆಗಳನ್ನು ಹಿಂಪಡೆಯಲು ಹೊರಟಿತು. ಮರುವರ್ಷ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರದ ನಡೆಯನ್ನು ತಾವು ಓಲೈಕೆ ಎಂದರೆ ನನ್ನ ತಕರಾರಿಲ್ಲ. ಅಪರಾಧಿ ಯಾರೆಂದು ನ್ಯಾಯಾಲಯ ಹೇಳಲಿ, ಸಚಿವ ಸಂಪುಟವಲ್ಲ.

ಆದರೆ ಹುಬ್ಬಳ್ಳಿಯ ಆ ರಾತ್ರಿಗೂ ಒಂದು ವಾರ ಮೊದಲೇ ಧಾರವಾಡದ ನುಗ್ಗಿಕೇರಿ ಹನುಮಂತ ದೇವರ ಗುಡಿಯ ಬಳಿ ಒಬ್ಬ ಮುಸ್ಲಿಂ ಮುದುಕನ ಕಲ್ಲಂಗಡಿ ಹಣ್ಣುಗಳನ್ನು ಒಡೆದು ಚೆಲ್ಲಿದ್ದರಲ್ಲ? ಅವನು ಯಾರ ಮೇಲೆ ಏನು ತೂರಿದ್ದ? ಯಾರೋ ಮಾಡಿದ ಸಾಲವನ್ನು ಅವರ ಹೆಸರಿಗೆ ಹೋಲುವ ಹೆಸರಿರುವವನಿಂದ ವಸೂಲಿ ಮಾಡುವ ಲೇವಾದೇವಿ ಇದು.

ತಾವು ಉಲ್ಲೇಖಿಸಿದ ಮುಜರಾಯಿ ನಿಯಮ ಇರುವುದು ನಿಜ. ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂದು 2002ರ ನಿಯಮ 31(12) ಹೇಳುತ್ತದೆ. ಅದು ಜಾರಿಯಾದಾಗ ಇದ್ದದ್ದು ಕಾಂಗ್ರೆಸ್ ಸರ್ಕಾರ; 2022ರಲ್ಲಿ ಅದನ್ನು ಎತ್ತಿ ತೋರಿಸಿದ್ದು ಬಿಜೆಪಿ ಸರ್ಕಾರ. ನಡುವೆ ಇಪ್ಪತ್ತು ವರ್ಷ ನಮ್ಮ ಜಾತ್ರೆಗಳಲ್ಲಿ ಬಳೆ, ಬೆಂಡು ಬತ್ತಾಸು, ಆಟಿಗೆ ಸಾಮಾನು ಎಲ್ಲರಿಂದಲೂ ಕೊಂಡೆವು, ಯಾವ ದೇವರೂ ಮುನಿಯಲಿಲ್ಲ. ವಿಧಾನಸಭೆ ಚುನಾವಣೆಗೆ ಒಂದು ವರ್ಷವಿರುವಾಗ ಆ ನಿಯಮಕ್ಕೆ ಜೀವ ಬಂದದ್ದು ಭಕ್ತಿಯಿಂದ ಎಂದು ನನ್ನನ್ನು ನಂಬಿಸಬೇಡಿ. ನೆಲದ ಮೇಲೆ ಗೋಣಿ ಹಾಸಿ ಒಂದು ದಿನ ಹಣ್ಣು ಮಾರುವುದು ಗುತ್ತಿಗೆಯೇ ಎಂಬುದನ್ನೂ ದಯವಿಟ್ಟು ಯೋಚಿಸಿ.

ಚಂದಾ ನಿಲ್ಲಿಸಿರೆಂದೂ ಬರೆದಿದ್ದೀರಿ. ಉಳಿದ ಹಣವನ್ನು ಮರಳಿಸಲು ಕಚೇರಿಗೆ ಹೇಳಿದ್ದೇನೆ. ತಮ್ಮ ಪತ್ರವನ್ನು ಒಂದು ಸಾಲೂ ಕತ್ತರಿಸದೆ ಮುಂದಿನ ಪುಟದಲ್ಲಿ ಅಚ್ಚು ಹಾಕಿದ್ದೇವೆ; ಈ ಸಂಚಿಕೆ ಮಾತ್ರ ಹೇಗೂ ತಮಗೆ ಬರುತ್ತದೆ.

— ಸಂಪಾದಕ